ಅಳತೆಯ ಪುಡಿ ಕಲಸುವ ಉಷಾರಾಣಿ

ಚನ್ನಗಿರಿ ಬಸ್‌ಸ್ಟ್ಯಾಂಡಿಗೆ ಹತ್ತಿರದಲ್ಲಿ, ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಡಾಕ್ಟರ್ ಮಲ್ಲಿಕಾರ್ಜುನಪ್ಪನವರ ಹಲ್ಲಿನ ಆಸ್ಪತ್ರೆ. ಬೋರ್ಡಿನ ಮೇಲೆ ಅವರದೊಂದೇ ಹೆಸರು. ಆದರೆ ಈ ಸುತ್ತಿನಲ್ಲಿ ಕಟ್ಟಿಸಿದ ಹಲ್ಲು ಹಾಕಿಕೊಂಡು ಎಲೆ ಅಡಿಕೆ ಜಗಿಯುವ ಮುದುಕ ಮುದುಕಿಯರಲ್ಲಿ ಅರ್ಧಕ್ಕರ್ಧ ಜನರ ಬಾಯಿಗೆ ಮೊದಲು ಕೈ ಹಾಕಿದವಳು ಉಷಾರಾಣಿ. ತ್ಯಾವಣಿಗೆಯ ಮಗಳು, ಪಂಚರ್ ಅಂಗಡಿ ಭೀಮೇಶನ ಹೆಂಡತಿ. ಕಸ ಹೊಡೆಯುವ ಕೆಲಸಕ್ಕೆ ಸೇರಿದವಳು ಸಾಮಾನು ಕುದಿಸುವುದನ್ನು ಕಲಿತಳು, ಪುಡಿ ಕಲಸುವುದನ್ನು ಕಲಿತಳು, ಕೊನೆಗೆ ಅಳತೆ ತೆಗೆಯುವುದನ್ನೂ ಕಲಿತಳು.

ಡಾಕ್ಟರು ಅದಕ್ಕೆ ಇಂಪ್ರೆಷನ್ ಅನ್ನುತ್ತಾರೆ. ಬರುವ ಜನ ದರ್ಜಿಯ ಹತ್ತಿರ ಹೋದವರ ಹಾಗೆ ಅಳತೆ ಅನ್ನುತ್ತಾರೆ. ಆಲ್ಜಿನೇಟ್ ಎಂಬ ಪುಡಿಯ ಡಬ್ಬಿಯನ್ನು ಮೊದಲು ಚೆನ್ನಾಗಿ ಅಲ್ಲಾಡಿಸಬೇಕು, ತಳದಲ್ಲಿ ಕೂತ ಪುಡಿ ಸಡಿಲವಾಗಬೇಕು. ರಬ್ಬರ್ ಬಟ್ಟಲಿಗೆ ಅಳತೆಯ ನೀರು, ನೀರಿಗೆ ತಕ್ಕ ಪುಡಿ. ಆಮೇಲೆ ಅಗಲ ಚಮಚದಿಂದ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಕಲಸಬೇಕು, ಒಳಗಿನ ಗಾಳಿಯೆಲ್ಲ ಹೊರಗೆ ಬರುವ ಹಾಗೆ. ಬೆಣ್ಣೆಯ ಹದಕ್ಕೆ ಬಂದ ತಕ್ಷಣ ಕುದುರೆ ಲಾಳದ ಆಕಾರದ ಟ್ರೇಗೆ ತುಂಬಿ ಬಾಯಿಗೆ ಇಟ್ಟು ಹಿಡಿಯಬೇಕು. ಗಟ್ಟಿಯಾಗಿ ರಬ್ಬರಿನಂತಾದ ಮೇಲೆ ಒಂದೇ ಎಳೆತಕ್ಕೆ ಹೊರಗೆ. ತೆಗೆದದ್ದನ್ನು ಒಣಗಲು ಬಿಟ್ಟರೆ ಕುಗ್ಗುತ್ತದೆ, ನೀರಿನಲ್ಲಿ ಮುಳುಗಿಸಿದರೆ ಉಬ್ಬುತ್ತದೆ, ಹಾಗಾಗಿ ಕೂಡಲೇ ಅದಕ್ಕೆ ಪ್ಲಾಸ್ಟರ್ ಹೊಯ್ಯಬೇಕು. ಆಗ ಸಿಗುವ ಬಿಳಿ ದವಡೆಯ ಮೇಲೆ ಮುಂದಿನ ಕೆಲಸವೆಲ್ಲ. ಎಲ್ಲಕ್ಕಿಂತ ಹೆಚ್ಚಿನ ಮಾತು ನೀರಿನದು. ನೀರು ತಣ್ಣಗಿದ್ದರೆ ಕಲಸಿದ ಹಿಟ್ಟು ನಿಧಾನವಾಗಿ ಗಟ್ಟಿಯಾಗಿ ಹಿಡಿಯುತ್ತದೆ, ಬಿಸಿಯಿದ್ದರೆ ಬಾಯಿ ಮುಟ್ಟುವ ಮೊದಲೇ ಹಿಡಿದುಬಿಡುತ್ತದೆ.

ಮಂಗಳವಾರ ಡಾಕ್ಟರು ನ್ಯಾಮತಿಯಲ್ಲಿ, ಗುರುವಾರ ಹೊನ್ನಾಳಿಯಲ್ಲಿ, ತಿಂಗಳಿಗೊಮ್ಮೆ ಜಗಳೂರಿನ ಕ್ಯಾಂಪಿನಲ್ಲಿ. ಅವರಿಲ್ಲದ ದಿನ ಬೇರೆಯವರು ಅಳತೆ ತೆಗೆಯಬಹುದೇ ಎಂದು ನೀವು ಕೇಳಬಹುದು. ತೆಗೆಯಬಾರದು. ಅದು ಡಾಕ್ಟರಿಗೂ ಗೊತ್ತು. ಮೂರು ಊರಿನಲ್ಲಿ ಕುರ್ಚಿ ಹಾಕಿದವರಿಗೆ ಎರಡೇ ಕೈ ಸಾಲುವುದಿಲ್ಲ, ಉಳಿದ ಕೈಗಳು ಬೋರ್ಡಿನ ಮೇಲೆ ಬರುವುದಿಲ್ಲ. ಉಷಾರಾಣಿಗೆ ಮಾತ್ರ ಇದರ ಬಗ್ಗೆ ಯಾವ ದೂರೂ ಇರಲಿಲ್ಲ. ಬೋರ್ಡು ಯಾರದ್ದಾದರೇನು, ಬಾಯಿ ತೆರೆಸುವವಳು ತಾನು ಎಂಬ ಹೆಮ್ಮೆಯಲ್ಲಿ ಅವಳು ಹದಿನಾಲ್ಕು ವರ್ಷ ಕಳೆದಿದ್ದಳು.

ಅಲ್ಲಿಗೆ ರುಹೀನಾ ಬಂದಳು.

ಹೊನ್ನಾಳಿಯ ಟೈಲರ್ ಚಾಂದ್ ಸಾಹೇಬರ ಮಗಳು. ದಾವಣಗೆರೆಯಲ್ಲಿ ಹಲ್ಲು ಕಟ್ಟುವ ಕೋರ್ಸು ಓದಿದವಳು. ಬಂದ ಮೊದಲ ವಾರವೇ ಕೈಗವಸಿನ ಡಬ್ಬಿ ತಿರುಗಿಸಿ ನೋಡಿ, ಇವು ದೊಡ್ಡವಾದವು ಸರ್, ನನಗೆ ಸಣ್ಣ ಸೈಜಿನವು ಬೇಕು ಅಂದಳು. ಎರಡೇ ದಿನದಲ್ಲಿ ಬಂದವು. ಉಷಾರಾಣಿ ಇಷ್ಟು ವರ್ಷ ಡಾಕ್ಟರ ಅಳತೆಯ ಕೈಗವಸು ಹಾಕಿಕೊಂಡು, ಬೆರಳ ತುದಿಯಲ್ಲಿ ಜೋಲುವ ರಬ್ಬರನ್ನು ಹಿಂದಕ್ಕೆ ಮಡಚಿಕೊಂಡು ಕೆಲಸ ಮಾಡಿದ್ದಳು. ಕೇಳಿದರೆ ಕೊಡುತ್ತಾರೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಹೊಸ ಡಬ್ಬಿ ತೋರಿಸಿ, ನಿಮಗೂ ಸರಿ ಹೋಗ್ತಾವೆ ಅಕ್ಕ, ತಗೊಳ್ರಿ ಎಂದು ರುಹೀನಾ ಅಂದಾಗ ಅವಳು ತನಗೆ ದೊಡ್ಡವೇ ರೂಢಿ ಅಂದುಬಿಟ್ಟಳು. ಅಲ್ಲಿಂದ ಶುರುವಾಯಿತು ಹೊಟ್ಟೆಯುರಿ.

ಆಮೇಲೆ ಬಂದದ್ದು ಡಾಕ್ಟರ ಅಪ್ಪಣೆ. ರುಹೀನಾ ಟ್ರೇ ಇಡಲಿ, ಉಷಾ ಕಲಸಿ ಕೊಡಲಿ, ಕೆಲಸ ಬೇಗ ಆಗುತ್ತದೆ. ಅಷ್ಟೇ. ಎದ್ದು ನಿಂತು ಹೇಳಿದ ಮಾತೂ ಅಲ್ಲ, ಮೊಬೈಲ್ ನೋಡುತ್ತಾ ಹೇಳಿದ್ದು. ಅಷ್ಟರಲ್ಲಿ ಒಬ್ಬಳ ಬದುಕಿನ ಹೆಮ್ಮೆ ಕುರ್ಚಿಯ ಪಕ್ಕದಿಂದ ಬೇಸಿನ್ ಪಕ್ಕಕ್ಕೆ ಸರಿದಿತ್ತು.

ಕುರ್ಚಿಯ ಮೇಲೆ ಕೂತವರಿಗೆ ಉಷಾರಾಣಿ ಹೇಳುತ್ತಿದ್ದುದು ಎರಡೇ ಮಾತು. ಬಾಯಿ ತಗೀರಿ, ಅಲ್ಲಾಡಬ್ಯಾಡ್ರಿ. ಹಣೆಯ ಮೇಲೆ ಅಂಗೈ ಒತ್ತಿ ಹಿಡಿದರೆ ಮುಗಿಯಿತು. ರುಹೀನಾ ಹಾಗಲ್ಲ. ಟ್ರೇ ಬಾಯಿಗೆ ಹೋಗುವ ಮೊದಲೇ ಅಜ್ಜನ ಊರು ಕೇಳಿ, ಮೊಮ್ಮಕ್ಕಳ ಹೆಸರು ಕೇಳಿ, ಕುರ್ಚಿಯನ್ನು ನೆಟ್ಟಗೆ ಮಾಡಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಲ್ಲೇ ಉಸಿರಾಡ್ರಿ, ಬಲಗಾಲ ಹೆಬ್ಬೆಟ್ಟು ಆಡಿಸ್ತಾ ಇರ್ರಿ ಅನ್ನುತ್ತಿದ್ದಳು. ಮನಸ್ಸು ಹೆಬ್ಬೆಟ್ಟಿಗೆ ಹೋದರೆ ಗಂಟಲಿಗೆ ವಾಕರಿಕೆ ಬರುವುದು ಕಡಿಮೆ. ಜನ ಕೆಳಗಿಳಿದು ಹೋಗುವಾಗ, ಆ ಹುಡುಗಿ ಕೈ ಹಗುರ ಕಣ್ರೀ ಅನ್ನತೊಡಗಿದರು. ಬೇಸಿನ್ ಹತ್ತಿರ ಬಟ್ಟಲು ತೊಳೆಯುತ್ತಿದ್ದವಳ ಕಿವಿಗೆ ಆ ಮಾತು ಬೀಳುತ್ತಲೇ ಇತ್ತು. ಹಗುರವಾದ ಕೈಗೆ ಹದವಾದ ಹಿಟ್ಟು ಕೊಟ್ಟವಳು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಅವಳು ರುಹೀನಾಳ ತಪ್ಪು ಹುಡುಕಲು ಕೂತಳು. ಹುಡುಗಿ ಫೋನಿನಲ್ಲಿ ಜೋರಾಗಿ ಮಾತಾಡುತ್ತಾಳೆ. ಊಟದ ಡಬ್ಬಿ ತೆರೆದರೆ ಮಹಡಿಯೆಲ್ಲ ಮಸಾಲೆ ವಾಸನೆ. ಪ್ಲಾಸ್ಟರ್ ಹೊಯ್ಯುವಾಗ ಟ್ರೇ ತಟ್ಟುವುದು ಜಾಸ್ತಿ. ಇವೆಲ್ಲ ತಪ್ಪುಗಳೇ ಅಲ್ಲ ಎಂದು ಗೊತ್ತಾದಾಗ ಇನ್ನೂ ಉರಿಯಿತು. ಕೆಳಗಿನ ಮೊಬೈಲ್ ಅಂಗಡಿಯ ಕೊಟ್ರೇಶ್ ಇವಳ ಮುಖ ನೋಡಿ ವಿಷಯ ಊಹಿಸಿದ್ದ. ಅವರ ಜನಾನ ಮೇಲಕ್ಕೆ ಹತ್ತಿಸಿಕೊಂಡ್ರೆ ಹಿಂಗೇ ಆಗೋದು ಅಕ್ಕ ಎಂದು ಅವಳ ಉರಿಗೆ ಬೇರೆ ಬಣ್ಣ ಬಳಿಯಲು ಬಂದ. ಉಷಾರಾಣಿ ಅವನನ್ನು ನಿಂತಲ್ಲೇ ಬೈದು ಕಳಿಸಿದಳು. ಅವಳದು ಅಪ್ಪಟ ಕಸುಬಿನ ಹೊಟ್ಟೆಕಿಚ್ಚು, ಅದರಲ್ಲಿ ಬೇರೆಯವರ ಕಲಬೆರಕೆ ಅವಳಿಗೆ ಬೇಕಿರಲಿಲ್ಲ. ಆ ಮಟ್ಟಿಗೆ ಅವಳನ್ನು ಮೆಚ್ಚಬೇಕು. ಮೆಚ್ಚಬೇಕಾದದ್ದು ಅಲ್ಲಿಗೆ ಮುಗಿಯುತ್ತದೆ.

ಏಪ್ರಿಲ್‌ನ ಒಂದು ಮಂಗಳವಾರ ಕಾಟಮ್ಮ ಬಂದಳು. ಜಗಳೂರು ತಾಲ್ಲೂಕಿನ ಸೊಕ್ಕೆಯವಳು, ಕೆರೆಬಿಳಚಿಗೆ ಕೊಟ್ಟ ಮಗಳು ಸುಧಾಳ ಮನೆಯಲ್ಲಿ ಸ್ವಲ್ಪ ದಿನ ಇರಲು ಬಂದಿದ್ದಳು. ಮೇಲ್ದವಡೆಯಲ್ಲಿ ಒಂದು ಹಲ್ಲೂ ಇಲ್ಲ. ಜಗಳೂರಿನ ಕ್ಯಾಂಪಿನಲ್ಲಿ ಡಾಕ್ಟರು ನೋಡಿ, ಮಗಳ ಮನೆಗೆ ಹೋದಾಗ ಚನ್ನಗಿರಿಗೆ ಬಂದು ಅಳತೆ ಕೊಡು, ಮುಂದಿನ ಕೆಲಸ ಕ್ಯಾಂಪಿನಲ್ಲೇ ಮಾಡಿಕೊಡುತ್ತೇನೆ ಅಂದಿದ್ದರು. ಸರದಿಗೆ ಕಾಯುತ್ತಾ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಉಷಾರಾಣಿಯ ಹತ್ತಿರ ಮಾತಿಗಿಳಿದಳು.

"ನಂಗೇನು ನಕ್ಕು ಫೋಟೋ ತೆಗಿಸ್ಕೊಳ್ಳಾಕೆ ಹಲ್ಲು ಬೇಕಾಗಿಲ್ಲವ್ವ. ಸಾರಿನಾಗೆ ನೆನಸಿದ ರೊಟ್ಟಿ ತಿಂದೂ ತಿಂದೂ ಸಾಕಾಗೈತೆ. ಕಟಕ್ ಅನ್ನಾದು ನನ್ ಬಾಯಾಗೇ ಕೇಳ್ಬೇಕು, ಅಷ್ಟೇಯ."

ಉಷಾರಾಣಿ ನಕ್ಕಳು. ಮುದುಕಿ ಅವಳಿಗೆ ಹಿಡಿಸಿದ್ದಳು. ಅಷ್ಟರಲ್ಲಿ ರುಹೀನಾ ಬಂದು, ಬರ್ರಿ ಅಜ್ಜಿ ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ತನ್ನ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದವಳು ಹಿಂತಿರುಗಿಯೂ ನೋಡದೆ ಎದ್ದು ಹೋದದ್ದೇ ನೆಪವಾಯಿತು.

ಕಲಸುವ ನೀರಿಗೆಂದೇ ಬೇಸಿನ್ ಪಕ್ಕ ಮಣ್ಣಿನ ಗಡಿಗೆ ಇರುತ್ತದೆ. ಉಷಾರಾಣಿ ಆವತ್ತು ಗಡಿಗೆಯ ಮುಚ್ಚಳ ತೆಗೆಯಲಿಲ್ಲ. ನಲ್ಲಿ ತಿರುಗಿಸಿದಳು. ತಾರಸಿಯ ಕಪ್ಪು ಟ್ಯಾಂಕಿನಲ್ಲಿ ಕಾದ ನೀರು ಬಂತು. ಕೈಗೆ ತಾಗಿದ ಬಿಸಿ ಅವಳಿಗೆ ಗೊತ್ತಾಯಿತು. ಗೊತ್ತಾಗಿಯೂ ಬಟ್ಟಲಿಗೆ ಹೊಯ್ದಳು. ಇದನ್ನು ಮರೆವು ಎಂದು ಯಾರೂ ಸಾಗಹಾಕುವ ಹಾಗಿಲ್ಲ.

ಟ್ರೇ ರುಹೀನಾಳ ಕೈ ಸೇರುವ ಹೊತ್ತಿಗೇ ಹಿಟ್ಟು ಹಿಡಿಯಲು ಶುರುವಾಗಿತ್ತು. ಬಾಯಿಗಿಟ್ಟು ಒತ್ತಿದರೆ ಕೂರಲಿಲ್ಲ. ತೆಗೆದು ನೋಡಿದರೆ ಒಸಡಿನ ಗುರುತೇ ಇಲ್ಲ, ಮುರಿದ ಇಡ್ಲಿಯ ಹಾಗೆ ತರಿತರಿ. ಪುಡಿ ಹಳೆಯದಾಗಿದೆ ಅಂದುಕೊಂಡಳು ಹುಡುಗಿ. ಈ ಸಲ ಒಂದು ಸ್ವಲ್ಪ ತೆಳ್ಳಗೆ ಕಲಸ್ರಿ ಅಕ್ಕ ಅಂದಳು. ಅಕ್ಕ ಹೇಳಿದ ಹಾಗೇ ಮಾಡಿದಳು. ಈಗ ಗಡಿಗೆಯ ತಣ್ಣೀರನ್ನೇ ತೆಗೆದುಕೊಂಡು, ಸ್ವಲ್ಪ ಅಂದದ್ದಕ್ಕೆ ಜಾಸ್ತಿಯೇ ಹೊಯ್ದು, ಗಂಜಿಯಂತೆ ಕಲಸಿ ಕೊಟ್ಟಳು. ಕೇಳಿದ್ದನ್ನೇ ಕೊಟ್ಟೆನಲ್ಲ ಎಂಬ ಸಮಾಧಾನ ಬೇರೆ. ಗಂಜಿ ಅಂಗುಳಿನ ಮೇಲೆ ನಿಲ್ಲುತ್ತದೆಯೇ? ಸೀದಾ ಗಂಟಲಿಗೆ ಇಳಿಯಿತು. ಹೆಬ್ಬೆಟ್ಟು ಆಡಿಸ್ರಿ ಅಜ್ಜಿ ಎಂದು ರುಹೀನಾ ಹೇಳುತ್ತಿದ್ದಂತೆ ಕಾಟಮ್ಮ ಅವಳ ಕೈ ತಳ್ಳಿ, ತನ್ನ ಸೀರೆಯ ಮೇಲೆ, ಹುಡುಗಿಯ ಏಪ್ರನ್ ಮೇಲೆ ವಾಂತಿ ಮಾಡಿಕೊಂಡಳು. ಉಸಿರು ತಿರುಗಲು ಹೊತ್ತು ಹಿಡಿಯಿತು. ಕಣ್ಣಲ್ಲಿ ನೀರು, ಗಲ್ಲದ ತುಂಬ ಅಂಟಿದ ಹಿಟ್ಟು. ಕಾಯುತ್ತಿದ್ದವರೆಲ್ಲ ಬಾಗಿಲಿಗೆ ಬಂದು ನೋಡಿದರು. ಹರಯದಿಂದ ಹೊಲದ ಕೆಲಸ ಮಾಡಿ ಯಾರ ಮುಂದೆಯೂ ಬಾಗದ ಹೆಂಗಸು ಅಷ್ಟು ಜನರ ಎದುರು ಮಗುವಿನ ಹಾಗೆ ಮುಖ ಒರೆಸಿಸಿಕೊಂಡಳು. ಹಲ್ಲೂ ಬೇಡ ಏನೂ ಬೇಡ ಎಂದು ಮಗಳ ತೋಳು ಹಿಡಿದು ಮೆಟ್ಟಿಲಿಳಿದಳು.

ನ್ಯಾಮತಿಯಿಂದ ಬಂದ ಡಾಕ್ಟರಿಗೆ ಮೆಟ್ಟಿಲ ಬುಡದಲ್ಲೇ ಸುದ್ದಿ ಸಿಕ್ಕಿತ್ತು. ಮೇಲೆ ಬಂದವರು ರುಹೀನಾಳನ್ನು ಜನರ ಎದುರೇ ತರಾಟೆಗೆ ತೆಗೆದುಕೊಂಡರು. ಕೋರ್ಸು ಓದಿ ಕಲಿತದ್ದು ಇದೇನಾ, ಮುದುಕಿಗೆ ಏನಾದರೂ ಆಗಿದ್ದರೆ ಯಾರು ಹೊಣೆ ಎಂದು ಕೇಳಿದರು. ಹೊಣೆ ಯಾರದೆಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಾದವರು ಅವರೇ. ರುಹೀನಾ ತಲೆ ತಗ್ಗಿಸಿ ನಿಂತಿದ್ದಳು. ಬೇಸಿನ್ ಕಡೆ ಮುಖ ಮಾಡಿದ್ದ ಉಷಾರಾಣಿಗೆ ಖುಷಿಯಾಯಿತು. ಬಹಳ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಮಾತ್ರ ಆ ತಂಪು ಇತ್ತು.

ಏಕೆಂದರೆ ಆಮೇಲೆ ರುಹೀನಾ ಬೇಸಿನ್ ಹತ್ತಿರ ಬಂದು ಏಪ್ರನ್ ತೊಳೆಯಲು ನಲ್ಲಿ ತಿರುಗಿಸಿ, ತಟ್ಟನೆ ಕೈ ಹಿಂದಕ್ಕೆ ತೆಗೆದಳು. ನಲ್ಲಿ ನೋಡಿದಳು. ಮೊದಲ ಟ್ರೇಯಲ್ಲಿ ಹಿಡಿದು ಕೂತ ತರಿತರಿ ಹಿಟ್ಟು ನೋಡಿದಳು. ಉಷಾರಾಣಿಯನ್ನು ನೋಡಿದಳು.

"ಟ್ಯಾಂಕಿನ ನೀರು ಕಾದೈತೆ ಅಕ್ಕ," ಅಂದಳು. ಅಷ್ಟೇ ಅಂದಳು. ಡಾಕ್ಟರು ಪಕ್ಕದ ಕೋಣೆಯಲ್ಲೇ ಇದ್ದರು. ಹೋಗಿ ಹೇಳಲಿಲ್ಲ.

ಹೇಳಿದ್ದರೆ ಉಷಾರಾಣಿ ಜಗಳ ಮಾಡಿ ಗೆಲ್ಲುತ್ತಿದ್ದಳು, ಇಲ್ಲವೇ ಸೋತು ಅಳುತ್ತಿದ್ದಳು. ಈಗ ಅವಳಿಗೆ ಎರಡೂ ಇಲ್ಲ. ಕೈ ಹಗುರ ಎಂಬ ಹೆಸರು ಆ ಹುಡುಗಿಗೆ, ಸಣ್ಣ ಕೈಗವಸು ಅವಳಿಗೆ, ಈಗ ದೊಡ್ಡ ಮನಸ್ಸೂ ಅವಳಿಗೇ. ತನಗೆ ಉಳಿದದ್ದೇನು? ಮನೆಗೆ ಬಂದು ಭೀಮೇಶನಿಗೆ ಬಡಿಸಿದರೆ ಅವನು ಕಟಕು ರೊಟ್ಟಿ ಮುರಿದು ಬಾಯಿಗಿಟ್ಟು ಸದ್ದು ಮಾಡುತ್ತಾ ಅಗಿಯತೊಡಗಿದ. ಸ್ವಲ್ಪ ಮೆತ್ತಗೆ ತಿನ್ನಬಾರದೇ ಎಂದು ರೇಗಿದಳು. ರೊಟ್ಟಿನ ಮೆತ್ತಗೆ ತಿನ್ನಾಕೆ ಅದೇನು ಬಾಳೆಹಣ್ಣಾ ಅಂದ ಅವನು, ಇನ್ನೊಂದು ಮುರಿದ. ತನ್ನ ತಟ್ಟೆಯ ರೊಟ್ಟಿ ಅವಳಿಗೆ ಇಳಿಯಲಿಲ್ಲ. ರುಹೀನಾಳನ್ನು ಹೊಡೆಯಲು ಎತ್ತಿದ ಕೋಲು ಬಿದ್ದದ್ದು ಮಾತ್ರ ಒಬ್ಬ ಮುದುಕಿಯ ಬಾಯಿಗೆ. ಆ ಬಾಯಿ ಇವಳಿಗೆ ಏನು ಮಾಡಿತ್ತು?

ಭಾನುವಾರ ಅವಳು ಕೆರೆಬಿಳಚಿಯ ಬಸ್ಸು ಹತ್ತಿದಳು. ಆ ಹುಡುಗಿಯದು ತಪ್ಪಿಲ್ಲ, ತಪ್ಪು ನನ್ನದು, ಬಂದು ಅಳತೆ ಕೊಡಿ. ಇಷ್ಟು ಹೇಳಿ ಬರಬೇಕೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದಳು. ಕಾಟಮ್ಮ ಮಗಳ ಮನೆಯ ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಇವಳ ಗುರುತು ಹಿಡಿದು, ಕೂರಿಸಿ, ಮಜ್ಜಿಗೆ ಕೊಡಿಸಿದಳು. ಇವಳು ಬಾಯಿ ತೆರೆಯುವುದಕ್ಕಿಂತ ಮೊದಲೇ ಮಾತು ಅವಳದಾಯಿತು.

"ಶುಕ್ರವಾರ ಊರಿಗೆ ಹೊಂಟೀನಿ ಕಣವ್ವ. ನೀನು ಅಳತೆ ತೆಗಿಯಂಗಿದ್ರೆ ಗುರುವಾರ ಬರ್ತೀನಿ. ನೀನು ಹಳಬಳು, ಕೆಲಸ ಬಲ್ಲವಳು. ಆ ಹುಡುಗಿ ಮಾತ್ರ ನನ್ ಹತ್ರ ಸುಳಿಬಾರ್ದು."

ಒಳಗಿನಿಂದ ಸುಧಾ ಕೂಡ, ಆ ಹುಡುಗಿ ಮಾತೇ ಜಾಸ್ತಿ, ಕೆಲಸ ಕಮ್ಮಿ ಅಂದಳು.

ಉಷಾರಾಣಿ ಕೇಳಲು ಕಾದಿದ್ದ ಮಾತು ಇದೇ. ತಿಂಗಳುಗಟ್ಟಲೆ ಕಿವಿ ತೆರೆದು ಕೂತಿದ್ದಳು, ಇಲ್ಲಿ ಮಜ್ಜಿಗೆಯ ಜೊತೆ ಪುಕ್ಕಟೆ ಸಿಕ್ಕಿತು. ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡದ್ದು ತುಟಿಯವರೆಗೆ ಬಂದು ಮಜ್ಜಿಗೆಯ ಜೊತೆ ಒಳಕ್ಕೆ ಹೋಯಿತು. ಆಯ್ತವ್ವ, ನಾನೇ ತೆಗೀತೀನಿ, ಬನ್ನಿ ಎಂದು ಎದ್ದು ಬಂದಳು. ಮಾಡಿದ್ದನ್ನು ಸರಿಪಡಿಸಲು ಹೋದವಳು ಅದರ ಮೇಲೆ ಇನ್ನೊಂದನ್ನು ಪೇರಿಸಿ ಬಂದಳು.

ಗುರುವಾರ ಡಾಕ್ಟರು ಹೊನ್ನಾಳಿಗೆ ಹೋಗಿದ್ದರು. ತಾಯಿ ಮಗಳು ಹೇಳಿದ ಹೊತ್ತಿಗೆ ಬಂದರು. ಅಜ್ಜಿಗೆ ನನ್ನ ಕೈಯೇ ಬೇಕಂತೆ ಎಂದು ಉಷಾರಾಣಿ ಗೋಡೆಯ ಕಡೆ ನೋಡುತ್ತಾ ರುಹೀನಾಗೆ ಹೇಳಿದಳು. ಹುಡುಗಿಯ ಮುಖ ಒಂದು ಕ್ಷಣ ಬಿಗಿಯಿತು. ಆಮೇಲೆ ಬೇಸಿನ್ ಹತ್ತಿರ ಹೋಗಿ ರಬ್ಬರ್ ಬಟ್ಟಲು ಕೈಗೆತ್ತಿಕೊಂಡಳು.

ಆಗ ಉಷಾರಾಣಿಗೆ ಹೊಳೆಯಿತು. ಈಗ ಕಲಸುವವಳು ರುಹೀನಾ.

ಕಲಸುವ ಕೈ ಏನೇನು ಮಾಡಬಹುದು ಎಂಬುದನ್ನು ಚನ್ನಗಿರಿಯಲ್ಲಿ ಉಷಾರಾಣಿಯಷ್ಟು ಬಲ್ಲವರಿರಲಿಲ್ಲ. ಬಿಸಿನೀರು ಬೇಕಿಲ್ಲ, ಡಬ್ಬಿ ಅಲ್ಲಾಡಿಸದೆ ಪುಡಿ ತೆಗೆದರೂ ಸಾಕು. ಗಾಳಿ ಬಿಡಿಸದೆ ಕಲಸಿದರೂ ಸಾಕು. ಎರಡು ಗಳಿಗೆ ತಡಮಾಡಿ ಕೊಟ್ಟರೂ ಸಾಕು. ಇನ್ನೊಂದು ಸಲ ವಾಂತಿಯಾದರೆ ಮುದುಕಿ ಸೊಕ್ಕೆಗೆ ಹೋದವಳು ಮತ್ತೆ ಬಾಯಿ ತೆರೆಯುವುದಿಲ್ಲ. ಎದ್ದು ಹೋಗಿ ನೋಡೋಣವೆಂದರೆ ಅವಳ ಎರಡೂ ಕೈ ಕಾಟಮ್ಮನ ತುಟಿಗೆ ವ್ಯಾಸಲೀನ್ ಹಚ್ಚುವುದರಲ್ಲಿ, ತಲೆ ನೆಟ್ಟಗೆ ಕೂರಿಸುವುದರಲ್ಲಿ ಇದ್ದವು. ಬೆನ್ನ ಹಿಂದೆ ನಡೆಯುತ್ತಿರುವುದನ್ನು ಕಿವಿಯಿಂದಲೇ ನೋಡಬೇಕು. ಡಬ್ಬಿ ಅಲ್ಲಾಡಿದ ಸದ್ದು. ಗಡಿಗೆಯ ಮುಚ್ಚಳ ಸರಿದ ಸದ್ದೋ, ಬೇರೆ ಏನೋ. ಆಮೇಲೆ ಚಮಚ ರಬ್ಬರಿನ ಗೋಡೆಗೆ ಒತ್ತಿ ತಿರುಗುವ ಸಪ್ಪಳ. ಮೊದಲು ಒರಟು. ಬರಬರುತ್ತಾ ನುಣುಪಾಯಿತು.

ಟ್ರೇ ಅವಳ ಕೈಗೆ ಬಂತು. ನೋಡಿದಳು. ಒಂದು ಗುಳ್ಳೆ ಇಲ್ಲ. ಒದ್ದೆ ಬೆರಳಿನಿಂದ ಮೇಲ್ಮೈ ಸವರಿ ನುಣ್ಣಗೆ ಮಾಡಿ ಕೊಟ್ಟಿದ್ದಳು ಹುಡುಗಿ. ಇಷ್ಟು ಒಳ್ಳೆಯ ಹಿಟ್ಟು ನೋಡಿ ಯಾರಿಗಾದರೂ ಹೊಟ್ಟೆ ಉರಿದೀತೇ? ಅವಳಿಗೆ ಉರಿಯಿತು.

ಟ್ರೇಯ ಹಿಂಭಾಗ ಮೊದಲು, ಆಮೇಲೆ ಮುಂಭಾಗ ಎಂದು ಒತ್ತಿ ಕೂರಿಸಿದಳು. ಕಾಟಮ್ಮನ ಹೊಟ್ಟೆ ಒಮ್ಮೆ ಕುಲುಕಿತು, ಕಣ್ಣು ದೊಡ್ಡದಾಯಿತು. ರೂಢಿಯಂತೆ ಉಷಾರಾಣಿಯ ಅಂಗೈ ಹಣೆಯ ಕಡೆ ಹೊರಟಿತ್ತು. ತಡೆದುಕೊಂಡಳು. ರುಹೀನಾ ಎರಡು ಮಾರು ದೂರದಲ್ಲಿ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಎದುರಿಗೇ ಅವಳ ಮಾತನ್ನು ಆಡಬೇಕಾಗಿ ಬಂತು.

"ಮೂಗಲ್ಲಿ ಉಸಿರಾಡ್ರಿ ಅವ್ವ. ಬಲಗಾಲ ಹೆಬ್ಬೆಟ್ಟು ಆಡಿಸ್ರಿ. ಹಂಗೇ."

ಹೆಬ್ಬೆಟ್ಟು ಆಡಿತು. ಹೊಟ್ಟೆ ನಿಂತಿತು. ಹಿಟ್ಟು ಹಿಡಿಯಿತು. ಕೆನ್ನೆ ಎತ್ತಿ ಗಾಳಿ ಬಿಟ್ಟು ಎಳೆದರೆ ಟ್ರೇ ಚಪ್ಪೆಂದು ಬಂತು. ಅಂಗುಳಿನ ಗೆರೆಗೆರೆ, ಒಸಡಿನ ಏರು, ತುಟಿಯ ಒಳಗಿನ ನೂಲಿನಂಥ ನರ, ಎಲ್ಲ ಬಂದಿತ್ತು.

ಕಾಟಮ್ಮ ಬಾಯಿ ಮುಕ್ಕಳಿಸಿ ಗೆದ್ದವಳ ಹಾಗೆ ಕೂತಳು. ರುಹೀನಾಳ ಕಡೆ ಬೆರಳು ತೋರಿಸಿ, "ನೋಡ್ಕೊಂಡ್ಯಾ ಹುಡುಗಿ? ಇವಳ ಹತ್ರ ಒಂದಿಷ್ಟು ದಿನ ನಿಂತು ಕಲ್ತ್ಕೋ," ಅಂದಳು.

"ಹೂಂ ಅಜ್ಜಿ," ಅಂದಳು ರುಹೀನಾ.

ಆ ಹೂಂ ಕೇಳಿ ಉಷಾರಾಣಿಗೆ ತಡೆಯಲಾಗಲಿಲ್ಲ. ನ್ಯಾಯದ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ಸುಳ್ಳಾದೀತು. ಆ ಹುಡುಗಿ ಇನ್ನೊಂದು ಸಲ ದೊಡ್ಡ ಮನಸ್ಸಿನವಳಾಗುವುದನ್ನು ನೋಡಿಕೊಂಡು ನಿಲ್ಲಲು ಅವಳಿಂದ ಆಗಲಿಲ್ಲ, ಅಷ್ಟೇ.

"ಆವತ್ತು ಕೆಟ್ಟದ್ದು ನನ್ನಿಂದ ಅವ್ವ. ಬಿಸಿನೀರಲ್ಲಿ ಕಲಸಿ ಕೊಟ್ಟೋಳು ನಾನು. ಬೇಕಂತಲೇ ಕೊಟ್ಟೆ."

ಕಾಟಮ್ಮ ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು. "ನನ್ ಬಾಯಿ ಏನು ನಿಮ್ ಜಗಳದ ಅಂಗಳನೇನವ್ವ?" ಅಂದಳು. ಬಾಗಿಲವರೆಗೆ ಹೋದವಳು ರುಹೀನಾಳ ಹತ್ತಿರ ನಿಂತು, ಅವಳ ಗಲ್ಲ ಮುಟ್ಟಿ, ಮಗಳ ಜೊತೆ ಇಳಿದು ಹೋದಳು.

ಉಷಾರಾಣಿ ಕುರ್ಚಿ ಹಿಡಿದು ನಿಂತಿದ್ದಳು. ರುಹೀನಾ ಪ್ಲಾಸ್ಟರ್ ಕಲಸಿ ಅಚ್ಚಿಗೆ ಹೊಯ್ಯುತ್ತಾ, ತಲೆ ಎತ್ತದೆ ಮಾತಾಡಿದಳು.

"ಡಾಕ್ಟ್ರಿಗೆ ಹೇಳ್ಲಿಲ್ಲ ಅಂತ ನಾನೇನು ಒಳ್ಳೆಯವಳು ಅಂದ್ಕೋಬ್ಯಾಡ್ರಿ ಅಕ್ಕ. ಹೇಳಿದ್ರೆ ನಿಮ್ಮನ್ನ ಬಿಡಿಸ್ತಿದ್ರು. ಇನ್ನೊಬ್ರನ್ನ ಇಡ್ತಿರಲಿಲ್ಲ. ಆಮೇಲೆ ಕಲಸೋದೂ ನಾನೇ, ಇಡೋದೂ ನಾನೇ, ಕಸ ಹೊಡಿಯೋದೂ ನಾನೇ."

ಉಷಾರಾಣಿಗೆ ಅಷ್ಟು ದಿನದಲ್ಲಿ ಮೊದಲ ಸಲ ಆ ಹುಡುಗಿಯ ಮಾತು ಹಿಡಿಸಿತು.

ಸಂಜೆ ಹೊನ್ನಾಳಿಯಿಂದ ಬಂದ ಡಾಕ್ಟರು ಬಿಳಿ ದವಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಚೆನ್ನಾಗಿ ಬಂದಿದೆ, ಇದರ ಮೇಲೆ ಆ ಅಜ್ಜಿಯ ಬಾಯಿಗೇ ಹೊಂದುವ ಟ್ರೇ ಮಾಡಿಡಿ, ಎರಡನೇ ಅಳತೆ ಜಗಳೂರಿನ ಕ್ಯಾಂಪಿನಲ್ಲಿ ನಾನೇ ತೆಗೆದುಕೊಳ್ಳುತ್ತೇನೆ ಅಂದರು. ತೆಗೆದವರು ಯಾರು ಎಂದು ಕೇಳಿದರು. ಇಟ್ಟದ್ದು ನಾನು, ಕಲಸಿದ್ದು ಇವಳು ಎಂದು ಉಷಾರಾಣಿ ಹೇಳಿದಳು. ಹಾಗಾದರೆ ಇನ್ನು ಮುಂದೆ ಹಾಗೇ ಮಾಡಿ ಎಂದು ಅವರು ಅಂದು, ಮೊಬೈಲ್ ತೆಗೆದರು.

ಇಷ್ಟೇ ಬೇಕಿತ್ತಲ್ಲ ಅವಳಿಗೆ. ಕುರ್ಚಿಯ ಪಕ್ಕದ ಜಾಗ ವಾಪಸ್ಸು ಬಂತು. ಸಂತೋಷದಿಂದ ತಿರುಗಿದವಳಿಗೆ ರುಹೀನಾಳ ಮುಖ ಕಂಡಿತು. ತುಟಿ ಬಿಗಿದು ನೆಲ ನೋಡುತ್ತಿದ್ದ ಮುಖ. ಕನ್ನಡಿ ನೋಡುವ ಅಭ್ಯಾಸ ಇಲ್ಲದಿದ್ದರೂ ಆ ಮುಖ ಉಷಾರಾಣಿಗೆ ಚೆನ್ನಾಗಿ ಗೊತ್ತಿತ್ತು. ನಾಳೆಯಿಂದ ಈ ಮುಖ ಬೇಸಿನ್ ಹತ್ತಿರ ನಿಲ್ಲುತ್ತದೆ. ಇನ್ಯಾವುದೋ ಊರಿನ ಮುದುಕಿ ಬಂದು ಕೂರುತ್ತಾಳೆ.

"ಸರ್," ಅಂದಳು. ಡಾಕ್ಟರು ತಲೆ ಎತ್ತಲಿಲ್ಲ. "ಒಂದು ವಾರ ನಾನು ಇಡ್ತೀನಿ, ಒಂದು ವಾರ ಅವಳು ಇಡ್ಲಿ."

ಏನಾದರೂ ಮಾಡಿಕೊಳ್ಳಿ ಎಂದು ಡಾಕ್ಟರು ಎದ್ದು ಹೋದರು. ಅವರ ಮಟ್ಟಿಗೆ ಅದು ಅಷ್ಟೇ ತೂಕದ ಮಾತು.

ರುಹೀನಾ ಥ್ಯಾಂಕ್ಸ್ ಹೇಳಲಿಲ್ಲ. ಕೈಗವಸು ಕಳಚಿ ಕಸದ ಬುಟ್ಟಿಗೆ ಹಾಕಿ, ಬ್ಯಾಗು ಹೆಗಲಿಗೇರಿಸಿಕೊಂಡು, ಮೆಟ್ಟಿಲ ಹತ್ತಿರ ನಿಂತು ಕೇಳಿದಳು.

"ಮೊದಲ್ನೇ ವಾರ ನಂದು ತಾನೆ ಅಕ್ಕ?"

ಉಷಾರಾಣಿಯ ಹೊಟ್ಟೆಯಲ್ಲಿ ಮತ್ತೆ ಚುರುಕ್ ಅಂದಿತು. "ಹೂಂ," ಅಂದಳು, "ನಿಂದೇ ಇರ್ಲಿ."